ಇಂಜಿನ್ ಅಲುಗಲಿ, ಕುಣಿಯದಿರಲಿ

ಏರಿನಲ್ಲಿ ಕಾರಿನ ಮುಂದಿನ ಗಾಲಿಗಳು ಹಿಡಿತ ಸಿಗದೆ ನಿಂತಲ್ಲೇ ದಡದಡ ಕುಣಿದರೆ ನಮ್ಮ ಕಡೆ "ಗಾಡಿ ಜಂಪ್ ಹೊಡೀತದ" ಅಂತಾರೆ. ರಾಯಚೂರು, ದೇವದುರ್ಗ, ಮಾನ್ವಿ ನಡುವೆ ಬೀಜ-ಗೊಬ್ಬರದ ವ್ಯವಹಾರಕ್ಕೆಂದು ನಾನು ವರ್ಷಗಟ್ಟಲೆ ಓಡಿಸಿದ್ದು ಒಂದು ಡೀಸೆಲ್ ಸೆಡಾನ್. ಟಾರು ರಸ್ತೆಯಲ್ಲಿ ಅದರದ್ದೇನೂ ತಕರಾರಿಲ್ಲ. ಪೇಚಾಟವೆಲ್ಲ ಕಾಲುವೆ ದಂಡೆ ಹತ್ತುವಾಗ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ. ಹೊಲದ ದಾರಿ ದಂಡೆಗೆ ಕೂಡುವಲ್ಲಿ ಗರಸು ಹಾಕಿದ ಚಿಕ್ಕ ಏರು, ಮಳೆಗಾಲ ಬಂತೆಂದರೆ ಅದರ ಮೇಲೆ ಟ್ರ್ಯಾಕ್ಟರ್ ಗಾಲಿಗಳು ಮೆತ್ತಿ ಹೋದ ಎರೆಮಣ್ಣು.

ಇಂಥ ಕಡೆ ಹಿರಿಯ ಡ್ರೈವರುಗಳು ಕೊಡುವ ಸಲಹೆ ಒಂದೇ: "ಹಿಂದ ಎರಡು ಚೀಲ ಹಾಕ್ರಿ ಸರ, ಹತ್ತತದ." ಅಂಬಾಸಿಡರ್, ಪದ್ಮಿನಿ, ಜೀಪುಗಳಿಗೆ ಈ ಮಾತು ಸರಿ, ಅವುಗಳಲ್ಲಿ ತಳ್ಳುವುದು ಹಿಂದಿನ ಗಾಲಿ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ನಮ್ಮ ಬೀದಿಗಳಲ್ಲಿ ಲೆಕ್ಕವೇ ತಿರುವುಮುರುವಾಯಿತು. ಇಂಜಿನ್ ಅಡ್ಡಲಾಗಿ ಕೂತು, ಎಳೆಯುವ ಕೆಲಸ ಮುಂದಿನ ಗಾಲಿಗೆ ಬಂತು. ಇಂಥ ಕಾರಿನ ಡಿಕ್ಕಿಗೆ ಚೀಲ ತುಂಬಿದರೆ ಮೂತಿ ಮೇಲೇಳುತ್ತದೆ. ಏರು ಮತ್ತಷ್ಟು ಭಾರವನ್ನು ಹಿಂದಕ್ಕೆ ಜಾರಿಸುತ್ತದೆ. ಎಳೆಯಬೇಕಾದ ಗಾಲಿಯೇ ಹಗುರಾಗುತ್ತದೆ.

ಅದು ಬರೀ ಜಾರಿದರೆ ಸಾಕಿತ್ತು, ಕುಣಿಯುವುದೇಕೆ? ಸಣ್ಣದೊಂದು ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. ನನ್ನ ಸೆಡಾನಿನಂಥ ಡೀಸೆಲ್ ಕಾರುಗಳ ಇಂಜಿನ್ನಿನ ತಿರುಚುಬಲ ಸುಮಾರು 190 ನ್ಯೂಟನ್ ಮೀಟರ್. ಮೊದಲ ಗೇರಿನಲ್ಲಿ ಗೇರು ಮತ್ತು ಡಿಫರೆನ್ಷಿಯಲ್ ಸೇರಿ ಅದನ್ನು ಹದಿಮೂರು ಪಟ್ಟು ಮಾಡುತ್ತವೆಂದುಕೊಳ್ಳಿ. ಆಕ್ಸಲ್ ತಲುಪುವಾಗ ಅದು 2,500ಕ್ಕೆ ಹತ್ತಿರ. ಮುಂದಿನ ಗಾಲಿಗಳ ಮೇಲೆ 600 ಕಿಲೋ ಭಾರವಿದ್ದರೂ ಒಣ ಟಾರಿನಲ್ಲಿ ಟೈರು ತಡೆದುಕೊಳ್ಳುವುದು ಹೆಚ್ಚೆಂದರೆ 1,500ರ ಆಸುಪಾಸು, ಗರಸಿನ ಮೇಲೆ ಅದಕ್ಕೂ ಬಹಳ ಕಡಿಮೆ. ಟರ್ಬೊ ಬೇರೆ, ಇಂಜಿನ್ನಿನ ವೇಗ ನಿಮಿಷಕ್ಕೆ 1,500 ಸುತ್ತಿನ ಕೆಳಗಿರುವಾಗ ನಿದ್ದೆ ಮಾಡುತ್ತಿದ್ದದ್ದು ದಾಟುತ್ತಿದ್ದಂತೆ ಒಮ್ಮೆಗೇ ಎದ್ದು ಕೂರುತ್ತದೆ. ಟೈರು ಹಿಡಿಯುತ್ತದೆ, ಇಂಜಿನ್ ಕೂತಿರುವ ಮೌಂಟಿಂಗಿನ ರಬ್ಬರು, ಗಾಲಿಯನ್ನು ಹಿಡಿದಿರುವ ಸಸ್ಪೆನ್ಷನ್ ಆರ್ಮಿನ ಬುಷ್ ಎಲ್ಲ ತಿರುಚಿಕೊಳ್ಳುತ್ತವೆ. ಟೈರು ಜಾರುತ್ತದೆ, ತಿರುಚಿದ್ದೆಲ್ಲ ರಪ್ಪನೆ ಬಿಚ್ಚಿಕೊಳ್ಳುತ್ತದೆ. ಮತ್ತೆ ಹಿಡಿತ, ಮತ್ತೆ ಜಾರು. ಸೆಕೆಂಡಿಗೆ ಹಲವು ಸಲ ನಡೆಯುವ ಈ ಜಗ್ಗಾಟವೇ ಜಂಪ್.

ಹಿಂದಿನ ಗಾಲಿ ತಳ್ಳುವ ಹಳೆಯ ಕಾರುಗಳಲ್ಲಿ ಡಿಫರೆನ್ಷಿಯಲ್ ಹಿಂದೆ ಇರುವುದರಿಂದ ಇಂಜಿನ್ ಮೌಂಟಿಂಗಿಗೆ ಈ ಪೂರ್ತಿ ಪೆಟ್ಟು ತಾಗುತ್ತಿರಲಿಲ್ಲ. ಈಗಿನವುಗಳಲ್ಲಿ ಎಲ್ಲವೂ ಒಂದೇ ಗೂಡಿನಲ್ಲಿ. ಗಾಲಿಗೆ ಹೋಗುವ ಬಲದಷ್ಟೇ ಎದುರುಬಲ ಇಂಜಿನ್ನನ್ನು ಹಿಂದಕ್ಕೆ ಉರುಳಿಸಲು ನೋಡುತ್ತದೆ. ಅದನ್ನು ತಡೆಯುವುದು ಮೂರು-ನಾಲ್ಕು ಮುಷ್ಟಿ ರಬ್ಬರು.

ಆ ರಬ್ಬರು ಗಟ್ಟಿಯಿದೆಯೋ ಇಲ್ಲವೋ ನೋಡುವುದಕ್ಕೆ ಯಂತ್ರ ಬೇಕಿಲ್ಲ ಅಂತ ತೋರಿಸಿಕೊಟ್ಟವರು ರಾಯಚೂರಿನ ಒಬ್ಬ ಮಿಸ್ತ್ರಿ. ಬಾನೆಟ್ ಎತ್ತಿಸಿ, ಹ್ಯಾಂಡ್ ಬ್ರೇಕ್ ಎಳೆಸಿ, ತಾವು ಬದಿಗೆ ನಿಂತರು. "ಎದುರಿಗೆ ಯಾರೂ ನಿಲ್ಲಬ್ಯಾಡ್ರಿ. ಸರ, ಬ್ರೇಕ್ ಮ್ಯಾಲೆ ಕಾಲು ಇರಲಿ. ಫಸ್ಟ್ ಹಾಕಿ ಕ್ಲಚ್ ಸ್ವಲ್ಪ ಬಿಡ್ರಿ, ಹಿಡದಂಗ ಆದ ಕೂಡಲೆ ಒತ್ರಿ. ಈಗ ರಿವರ್ಸ್." ಫಸ್ಟಿನಲ್ಲಿ ಇಂಜಿನ್ನಿನ ತಲೆ ನಮ್ಮ ಕಡೆ ವಾಲಿತು, ರಿವರ್ಸಿನಲ್ಲಿ ರೇಡಿಯೇಟರ್ ಕಡೆ. ವಾಲುವುದು ಸಹಜ. ಆದರೆ ನನ್ನದು ರಿವರ್ಸಿನಲ್ಲಿ ಠಕ್ ಅಂತ ಸದ್ದು ಮಾಡಿ ನಿಂತಿತು. ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ ತಳದ ಮೌಂಟಿಂಗಿನ ರಬ್ಬರು ಕಬ್ಬಿಣದಿಂದ ಬಿಟ್ಟುಕೊಂಡು ಬಾಯ್ತೆರೆದಿತ್ತು. ಬಲಗಡೆಯ ಎಣ್ಣೆ ತುಂಬಿದ ಮೌಂಟಿಂಗಿನಿಂದ ಕಪ್ಪು ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿತ್ತು. ಒಂದು ಹೋದರೆ ಅದರ ಭಾರ ಉಳಿದವುಗಳ ಮೇಲೆ ಬೀಳುತ್ತದೆ. ಅವೂ ಬೇಗ ಹೋಗುತ್ತವೆ.

ನಮ್ಮ ಊರಲ್ಲಿ ಬೇಸಿಗೆ ನಲವತ್ತು ಡಿಗ್ರಿ ದಾಟುವುದು ಮಾಮೂಲು. ಬಾನೆಟ್ಟಿನೊಳಗಿನ ಕಾವು ಅದರ ಮೇಲೆ. ಆ ಕಾವಿಗೆ ರಬ್ಬರು ಒಣಗಿ ಬಿರಿಯುತ್ತದೆ. ವಾಷಿಂಗ್ ಸೆಂಟರಿನಲ್ಲಿ ಅಡಿಗೆ ಡೀಸೆಲ್ ಹೊಡೆಸಿದರೆ ಕಬ್ಬಿಣ ಮಿರಮಿರ ಅನ್ನುತ್ತದೆ ನಿಜ, ರಬ್ಬರು ಮಾತ್ರ ಉಬ್ಬಿ ಮೆತ್ತಗಾಗುತ್ತದೆ. ನಾನು ಡೀಸೆಲ್ ವಾಷ್ ಪೂರ್ತಿ ನಿಲ್ಲಿಸಿದೆ.

ರಿಪೇರಿಯಲ್ಲೂ ಒಂದು ಕ್ರಮವಿದೆ. ಮೊದಲು ಟೈರು: ಸವೆದಿದೆಯೇ, ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟೇ ಗಾಳಿ ಇದೆಯೇ. ಆಮೇಲೆ ಮೌಂಟಿಂಗ್, ಆಮೇಲೆ ಆರ್ಮಿನ ಹಿಂದಿನ ಬುಷ್, ಕೊನೆಗೆ ಶಾಕ್ ಅಬ್ಸಾರ್ಬರ್. ಹೊಸ ಮೌಂಟಿಂಗ್ ಹಾಕುವಾಗ ಎಲ್ಲ ಬೋಲ್ಟನ್ನೂ ಮೊದಲು ಸಡಿಲ ಬಿಟ್ಟು, ಇಂಜಿನ್ ತನ್ನ ಜಾಗದಲ್ಲಿ ತಾನು ಕೂತ ಮೇಲೆ ಬಿಗಿಯಬೇಕು. ಆರ್ಮಿನ ಬುಷ್ ಆದರೆ, ಗಾಲಿ ಜೋತಾಡುತ್ತಿರುವಾಗ ಬಿಗಿಯಬಾರದು. ಗಾಡಿಯ ಭಾರ ಗಾಲಿಯ ಮೇಲೆ ಬಿದ್ದಾಗಲೇ ಬಿಗಿಯಬೇಕು. ಇಲ್ಲದಿದ್ದರೆ ಹೊಸ ರಬ್ಬರು ಹುಟ್ಟಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಜಾಕ್ ಮೇಲೆಯೇ ಎಲ್ಲ ಮುಗಿಸಿಬಿಡುವ ಗಡಿಬಿಡಿ ಕಂಡರೆ ನಾನೀಗ ಅಲ್ಲಿಯೇ ನಿಂತು ಕೇಳುತ್ತೇನೆ.

"ಗಟ್ಟಿ ಮೌಂಟಿಂಗ್ ಹಾಕಿಸ್ರಿ, ಇಂಜಿನ್ ಅಲುಗಾಡಂಗೇ ಇಲ್ಲ" ಅನ್ನುವವರೂ ಇದ್ದಾರೆ. ಪಾಲಿಯುರೆಥೇನ್ ಬುಷ್ ಸಿಗುತ್ತವೆ. ಹಳೆಯ ಟೈರಿನ ತುಂಡನ್ನು ಸಂದಿಗೆ ತುರುಕುವವರನ್ನೂ ಕಂಡಿದ್ದೇನೆ. ಅಲುಗಾಟ ನಿಲ್ಲುತ್ತದೆ, ಆದರೆ ಡೀಸೆಲ್ಲಿನ ನಡುಕವೆಲ್ಲ ಸೀದಾ ಸ್ಟೇರಿಂಗಿಗೆ, ಸೀಟಿಗೆ, ಡ್ಯಾಶ್‌ಬೋರ್ಡಿಗೆ ಬರುತ್ತದೆ. ರೇಲ್ವೆ ಗೇಟಿನಲ್ಲಿ ಇಂಜಿನ್ ಆರಿಸದೆ ಕೂತರೆ ಹಲ್ಲು ಕಟಕಟ. ಗಟ್ಟಿ ಬೇಕೇ ಬೇಕೆಂದರೆ ಇಂಜಿನ್ನಿನ ಭಾರ ಹೊರದೆ ಉರುಳಾಟವನ್ನಷ್ಟೇ ತಡೆಯುವ ತಳದ ಮೌಂಟಿಂಗ್ ಒಂದನ್ನು ಗಟ್ಟಿ ಮಾಡಿಸಿದರೆ ಸಾಕು, ಭಾರ ಹೊರುವವು ಕಂಪನಿಯ ರಬ್ಬರಿನವೇ ಇರಲಿ. ಇಂಜಿನ್ ಅಲುಗಲೇಬೇಕು. ಎಷ್ಟು ಅಲುಗಬೇಕು ಅನ್ನುವುದಕ್ಕೊಂದು ಮಿತಿ ಹಾಕುವುದು ನಮ್ಮ ಕೆಲಸ.

ಇಷ್ಟೆಲ್ಲ ಮಾಡಿಸಿದ ಮೇಲೂ ಕಾಲಿನ ಪಾಲು ಉಳಿದೇ ಇರುತ್ತದೆ. ಕುಣಿತ ಶುರುವಾದ ಕೂಡಲೇ ಎಕ್ಸಲರೇಟರ್ ಬಿಡಬೇಕು. ತುಳಿದಷ್ಟೂ ಆಕ್ಸಲ್ಲಿನ ಜಾಯಿಂಟಿಗೆ ಪೆಟ್ಟು. ಕೆಸರಿನಲ್ಲಿ ಸೆಕೆಂಡ್ ಗೇರಿನಲ್ಲಿ ಹೊರಟರೆ ಗಾಲಿಗೆ ಹೋಗುವ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಿಡಿತ ಉಳಿಯುತ್ತದೆ. ಆದರೆ ಕ್ಲಚ್ ಸುಡುವಷ್ಟು ಹೊತ್ತು ಎಳೆಯಬಾರದು. ಚೀಲಗಳಲ್ಲಿ ಒಂದೆರಡನ್ನು ಡಿಕ್ಕಿಯಿಂದ ತೆಗೆದು ಮುಂದಿನ ಪಕ್ಕದ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿಟ್ಟರೂ ವ್ಯತ್ಯಾಸ ತಿಳಿಯುತ್ತದೆ. ಇನ್ನೂ ಹತ್ತದಿದ್ದರೆ, ಹಿಂದೆ ಕಾಲುವೆ ಇಲ್ಲ, ತಿರುಗಿಸಲು ಜಾಗವಿದೆ ಎಂದು ಖಾತ್ರಿಯಾದರೆ, ರಿವರ್ಸಿನಲ್ಲಿ ಹತ್ತಿಸಿ. ಆಗ ಎಳೆಯುವ ಗಾಲಿ ಏರಿನ ಕೆಳಬದಿಗೆ ಬರುತ್ತದೆ, ಭಾರ ಅದರ ಮೇಲೇ ಕೂರುತ್ತದೆ. ನೋಡುವವರು ನಗುತ್ತಾರೆ, ಗಾಡಿ ಹತ್ತುತ್ತದೆ.

ಇದೆಲ್ಲ ಬೇಡ, ಒಂದೇ ಮಾತು ಹೇಳಿ ಅಂದರೆ: ಗೇರು ಬದಲಿಸುವಾಗ ಅಡಿಯಲ್ಲಿ ಠಕ್ ಅಂದರೆ, ಎಕ್ಸಲರೇಟರ್ ಬಿಟ್ಟಾಗ ಗೇರ್ ರಾಡು ತಾನಾಗಿ ಹಿಂದೆ ಮುಂದೆ ಆಡಿದರೆ, ಕ್ಲಚ್ ಪ್ಲೇಟಿಗೆ ದುಡ್ಡು ಸುರಿಯುವ ಮೊದಲು ಬಾನೆಟ್ ಎತ್ತಿಸಿ ಮೌಂಟಿಂಗ್ ನೋಡಿಸಿ. ಬಿಟ್ಟರೆ ಸೈಲೆನ್ಸರಿನ ಬಾಗುವ ಪೈಪು ಸೀಳುತ್ತದೆ, ಆಕ್ಸಲ್ ಜಾಯಿಂಟ್ ಹೋಗುತ್ತದೆ, ಬಿಲ್ಲು ಬೆಳೆಯುತ್ತದೆ.