ಬಿಲ್ಲಿಂಗ್ ಆ್ಯಪ್‌ನ ಪರೀಕ್ಷೆ: ಕಡಿಮೆ ಪ್ರಸಂಗ, ಹೆಚ್ಚು ಖಾತರಿ

ಅಂಗಡಿ, ಗೋದಾಮು ಹಾಗೂ ಸಣ್ಣ ಕಾರ್ಖಾನೆಗಳಲ್ಲಿ ಬಿಲ್ಲು ಬರೆಯುವ ಕೆಲಸ ಈಗ ಬಹುಮಟ್ಟಿಗೆ ಮೊಬೈಲ್ ಆ್ಯಪ್‌ಗೆ ವರ್ಗವಾಗಿದೆ. ಅದನ್ನು ಬಳಕೆಗೆ ತರುವ ಮುನ್ನ ಪರೀಕ್ಷಿಸುವ ಹೊಣೆಯನ್ನು ತಯಾರಕರಿಗೇ ಬಿಟ್ಟುಬಿಡುವ ವರ್ತಕರು ಅನೇಕರು. ಆದರೆ ಬಿಲ್ಲಿನಲ್ಲಿ ತಪ್ಪಾದರೆ ತೆರಿಗೆ ಇಲಾಖೆಗೆ ಉತ್ತರ ಹೇಳಬೇಕಾದವರು ವರ್ತಕರೇ ಹೊರತು ಆ್ಯಪ್ ಬರೆದವರಲ್ಲ.

ನನ್ನ ಕಕ್ಷಿದಾರರೊಬ್ಬರು 200 ಬಿಲ್ಲು ಹಾಕಿ ನೋಡಿ, ಎಲ್ಲವೂ ಸರಿಯಿದೆಯೆಂದು ಆ್ಯಪ್ ಒಪ್ಪಿಕೊಂಡರು. ಆ 200 ಬಿಲ್ಲುಗಳೂ ಸ್ಥಳೀಯ ಗಿರಾಕಿಗಳವೇ ಆಗಿದ್ದವು. ಹೊರರಾಜ್ಯದ ಮಾರಾಟಕ್ಕೂ ಆ್ಯಪ್ ಐಜಿಎಸ್‌ಟಿಯ ಬದಲು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕುತ್ತಿದ್ದುದು ಮೂರು ತಿಂಗಳ ನಂತರ ಬೆಳಕಿಗೆ ಬಂತು. ಐಜಿಎಸ್‌ಟಿಯನ್ನು ಹೊಸದಾಗಿ ಕಟ್ಟಿ, ಮೊದಲು ಕಟ್ಟಿದ ಹಣಕ್ಕೆ ಮರುಪಾವತಿಯ ಅರ್ಜಿ ಹಾಕಬೇಕಾಯಿತು. ಅಷ್ಟು ದಿನ ದುಡಿಯುವ ಬಂಡವಾಳ ಸಿಕ್ಕಿಬಿದ್ದಿತ್ತು. ಪರೀಕ್ಷೆಯ ಸಂಖ್ಯೆಗಿಂತ ಆಯ್ಕೆ ಮುಖ್ಯವೆಂಬುದಕ್ಕೆ ಇದೇ ನಿದರ್ಶನ. ಆಯ್ಕೆಗೆ ನಾಲ್ಕು ಸೂತ್ರಗಳಿವೆ.

1. ವರ್ಗೀಕರಣ
ಆ್ಯಪ್ ಒಂದೇ ರೀತಿ ನಡೆಸಿಕೊಳ್ಳುವ ವ್ಯವಹಾರಗಳನ್ನು ಒಂದು ವರ್ಗವೆಂದು ಭಾವಿಸಿ, ಪ್ರತಿ ವರ್ಗದಿಂದ ಒಂದು ಪ್ರಸಂಗ ಆರಿಸಿದರೆ ಸಾಕು. ಒಳರಾಜ್ಯದ ಮಾರಾಟ ಒಂದು ವರ್ಗ, ಹೊರರಾಜ್ಯದ್ದು ಇನ್ನೊಂದು. ಕರ್ನಾಟಕದೊಳಗೇ ಇರುವ ವಿಶೇಷ ಆರ್ಥಿಕ ವಲಯದ ಘಟಕಕ್ಕೆ ಮಾಡುವ ಮಾರಾಟವೂ ಕಾನೂನಿನ ದೃಷ್ಟಿಯಲ್ಲಿ ಅಂತರರಾಜ್ಯ ಮಾರಾಟವೇ. ಅದು ಮೂರನೆಯ ವರ್ಗ. ತಪ್ಪು ಮಾಹಿತಿಯೂ ಒಂದು ವರ್ಗವೇ. ಜಿಎಸ್‌ಟಿ ಸಂಖ್ಯೆಗೆ 15 ಅಕ್ಷರಗಳಿದ್ದು, ಕೊನೆಯದು ತಾಳೆ ನೋಡುವ ಅಕ್ಷರ. ಅದೊಂದನ್ನು ಬದಲಿಸಿ ಕೊಟ್ಟರೆ ಆ್ಯಪ್ ತಿರಸ್ಕರಿಸಬೇಕು.

2. ಗಡಿಯ ಮೌಲ್ಯಗಳು
ದೋಷಗಳು ಹೆಚ್ಚಾಗಿ ಗಡಿಯಲ್ಲಿ ಅಡಗಿರುತ್ತವೆ. ಸಾಮಾನ್ಯವಾಗಿ ಸರಕಿನ ಮೌಲ್ಯ ರೂ. 50,000 ಮೀರಿದರೆ ಇ-ವೇ ಬಿಲ್ ಬೇಕು. ಆದ್ದರಿಂದ 49,999, 50,000 ಹಾಗೂ 50,001 ಈ ಮೂರನ್ನೂ ಪರೀಕ್ಷಿಸಬೇಕು. ಈ ಮೌಲ್ಯದಲ್ಲಿ ತೆರಿಗೆಯೂ ಸೇರುತ್ತದೆ. ಶೇ. 18 ತೆರಿಗೆಯ ರೂ. 45,000ದ ಸರಕು ರೂ. 53,100 ಆಗುವುದರಿಂದ ಇ-ವೇ ಬಿಲ್ ಅಗತ್ಯ. ತೆರಿಗೆ ಬಿಟ್ಟು ಲೆಕ್ಕ ಹಾಕುವ ಆ್ಯಪ್ ಇಲ್ಲಿ ಎಡವುತ್ತದೆ. ಲಾರಿ ರಸ್ತೆಯಲ್ಲಿ ನಿಲ್ಲುತ್ತದೆ.

3. ಜೋಡಿಗಳ ಆಯ್ಕೆ
ನಾಲ್ಕು ಅಂಶಗಳಿಗೆ ತಲಾ ಮೂರು ಬಗೆಗಳಿವೆಯೆನ್ನೋಣ.
ಗಿರಾಕಿ: (1) ಒಳರಾಜ್ಯದ ನೋಂದಾಯಿತ, (2) ಒಳರಾಜ್ಯದ ನೋಂದಣಿರಹಿತ, (3) ಹೊರರಾಜ್ಯ.
ಪಾವತಿ: (1) ನಗದು, (2) ಯುಪಿಐ, (3) ಉದ್ದರಿ.
ನೆಟ್‌ವರ್ಕ್: (1) ಉತ್ತಮ, (2) ಮಂದ, (3) ಇಲ್ಲ.
ಫೋನು: (1) ಹಳೆಯದು, (2) ಮಧ್ಯಮ, (3) ಹೊಸದು.
ಎಲ್ಲ ಸಂಯೋಜನೆಗಳು 81. ಆದರೆ ಯಾವುದೇ ಎರಡು ಅಂಶಗಳ ಪ್ರತಿಯೊಂದು ಜೋಡಿಯೂ ಒಮ್ಮೆ ಬರಲು 9 ಪ್ರಸಂಗಗಳು ಸಾಕು: 1111, 1222, 1333, 2123, 2231, 2312, 3132, 3213, 3321. ಇಲ್ಲಿ 2231 ಎಂದರೆ ನೋಂದಣಿಯಿಲ್ಲದ ಗಿರಾಕಿ, ಯುಪಿಐ, ನೆಟ್‌ವರ್ಕ್ ಇಲ್ಲ, ಹಳೆಯ ಫೋನು. ಹಣ ಬಾರದೆಯೇ ಬಿಲ್ಲು ‘ಪಾವತಿಯಾಗಿದೆ’ ಎಂದು ತೋರುವ ದೋಷ ಇಂಥಲ್ಲಿಯೇ ಸಿಗುತ್ತದೆ.

ಇಂತಹ ಕೋಷ್ಟಕಗಳ ಗಣಿತವನ್ನು 1940ರ ದಶಕದಲ್ಲಿ ರೂಪಿಸಿದವರು ಹೂವಿನಹಡಗಲಿಯಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಮೂರು ಅಂಶಗಳು ಒಟ್ಟಿಗೆ ಸೇರಿದಾಗ ಮಾತ್ರ ಕಾಣುವ ದೋಷ ಇದರಲ್ಲಿ ತಪ್ಪಿಸಿಕೊಳ್ಳಬಹುದು.

4. ನಷ್ಟದ ತೂಕ
ಆ ಕೊರತೆಯನ್ನು ತುಂಬುವುದು ನಾಲ್ಕನೆಯ ಸೂತ್ರ. ಲೆಕ್ಕಪರಿಶೋಧಕರು ಎಲ್ಲ ವೋಚರುಗಳನ್ನೂ ನೋಡುವುದಿಲ್ಲ. ದೊಡ್ಡ ಮೊತ್ತದವನ್ನೂ ಅಪರೂಪದವನ್ನೂ ಬಿಡುವುದಿಲ್ಲ. ಇಲ್ಲಿಯೂ ತಪ್ಪಿನಿಂದಾಗುವ ನಷ್ಟ ಹಾಗೂ ತಪ್ಪು ಸಂಭವಿಸುವ ಸಾಧ್ಯತೆ ಎರಡನ್ನೂ ತೂಗಿ ಪ್ರಸಂಗಗಳನ್ನು ಸೇರಿಸಬೇಕು. ಉದಾಹರಣೆಗೆ, 2025ರ ಸೆಪ್ಟೆಂಬರ್ 22ರಂದು ದರಗಳು ಬದಲಾದವು. ಅದಕ್ಕೆ ಮೊದಲು ಶೇ. 12ರಲ್ಲಿ ಮಾರಿದ ಸರಕು ಆನಂತರ ವಾಪಸು ಬಂದರೆ ಕ್ರೆಡಿಟ್ ನೋಟಿನಲ್ಲಿ ಮೂಲ ಬಿಲ್ಲಿನ ದರವೇ ಬರಬೇಕು.

ಪ್ರತಿ ಪ್ರಸಂಗಕ್ಕೂ ನಿರೀಕ್ಷಿತ ಉತ್ತರವನ್ನು ಮೊದಲೇ ಕೈಯಲ್ಲಿ ಲೆಕ್ಕ ಹಾಕಿ ಬರೆದಿಡಿ. ಪರದೆಯ ಮೇಲೆ ಬಂದುದನ್ನು ನೋಡಿ ಸರಿಯೆನ್ನಬೇಡಿ. ಆ್ಯಪ್ ಪರಿಷ್ಕರಣೆಯಾದಾಗಲೆಲ್ಲ ಅದೇ ಪಟ್ಟಿಯನ್ನು ಮತ್ತೆ ನಡೆಸಿರಿ. ಚೆನ್ನಾಗಿ ಆರಿಸಿದ ಸುಮಾರು 25 ಪ್ರಸಂಗಗಳಿಗೆ ಅರ್ಧ ದಿನ ಸಾಕು.