ಮಳೆಗಾಲದ ಹೊದಿಕೆಗಳು ಮತ್ತು ಮನೆಮಂದಿಯ ಆರೋಗ್ಯ

ರೋಹಿಣಿಯ ಬಿಸಿಲು ಇನ್ನೂ ತಣಿಯದಿರುವಾಗಲೇ ಥಾಣೆ, ಕಲ್ಯಾಣ, ಡೊಂಬಿವಲಿಗಳ ಪೇಟೆಬೀದಿಗಳಲ್ಲಿ ನೀಲಿ ತಾಡಪತ್ರಿಯ ಸುರುಳಿಗಳು ಅಂಗಡಿಗಳ ಮುಂದೆ ಬಂದು ನಿಲ್ಲುತ್ತವೆ. ಊರಿನ ಕಡೆ ಇದನ್ನೇ ಕೆಲವರು ತಾಡಪಾಲು ಎನ್ನುವರು, ಕೆಲವರು ಟಾರ್ಪಾಲು ಎನ್ನುವರು. ಹೆಸರು ಯಾವುದಾದರೂ ಇರಲಿ, ಜೂನ್ ತಿಂಗಳ ಎರಡನೆಯ ವಾರದಲ್ಲಿ ಮುಂಗಾರು ಈ ಭಾಗಕ್ಕೆ ಕಾಲಿಡುವುದರೊಳಗಾಗಿ ಚಾಳಿನ ಹಂಚಿನ ಮಾಡಿಗೆ, ಸಿಮೆಂಟಿನ ಪತ್ರಾಗಳಿಗೆ, ಸೋರುವ ಗಚ್ಚಿಗೆ, ಎರಚಲು ಬಡಿಯುವ ಬಾಲ್ಕನಿಗೆ ಒಂದು ಹೊದಿಕೆಯನ್ನು ಕಟ್ಟುವುದು ಇಲ್ಲಿನ ಸಂಸಾರಗಳ ವಾರ್ಷಿಕ ಕರ್ಮಗಳಲ್ಲೊಂದಾಗಿದೆ. ಹೊದಿಕೆಯು ಮಳೆಯನ್ನು ತಡೆಯುತ್ತದೆಯೆ ಎಂಬುದನ್ನು ಎಲ್ಲರೂ ನೋಡುತ್ತಾರೆ. ಅದು ತನ್ನ ಮೈಮೇಲೆ ಏನನ್ನು ಸಾಕುತ್ತಿದೆ ಎಂಬುದನ್ನು ನೋಡುವವರು ವಿರಳ. ಸರಿಯಾಗಿ ಕಟ್ಟದ, ಕಟ್ಟಿದ ಮೇಲೆ ತಿರುಗಿ ನೋಡದ ಹೊದಿಕೆಯು ಮನೆಯನ್ನು ನೀರಿನಿಂದ ಉಳಿಸಿ ಜ್ವರದ ಕೈಗೆ ಒಪ್ಪಿಸುವುದುಂಟು.

ಈ ವಿಷಯದಲ್ಲಿ ಪಾಠ ಕಲಿಯಲು ದೂರ ಹೋಗಬೇಕಾಗಿಲ್ಲ. ಬೇಲಾಪುರದ ಬಳಿಯ ದಿವಾಳೆ, ನೆರೂಲಿನ ಸಾರಸೋಳೆ, ಥಾಣೆಯ ಚೆಂದಣಿ ಮೊದಲಾದ ಕೋಳಿವಾಡಗಳು ಮಹಾನಗರವು ಇತ್ತ ಹಬ್ಬುವುದಕ್ಕೆ ಎಷ್ಟೋ ಮೊದಲಿನಿಂದ ಖಾಡಿಯ ದಂಡೆಯಲ್ಲಿ ನೆಲೆಸಿರುವಂಥವು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ದೋಣಿಗಳು ಸಾಮಾನ್ಯವಾಗಿ ಸಮುದ್ರಕ್ಕೆ ಇಳಿಯುವಂತಿಲ್ಲ. ಆ ಅವಧಿಯಲ್ಲಿ ದಡಕ್ಕೆಳೆದ ದೋಣಿಗಳಿಗೆ ಹೊದಿಕೆ ಬೀಳುತ್ತದೆ. ಶ್ರಾವಣದ ನಾರಳಿ ಪೂರ್ಣಿಮೆಯಂದು ಸಮುದ್ರರಾಜನಿಗೆ ತೆಂಗಿನಕಾಯಿ ಅರ್ಪಿಸಿ ಮೀನುಗಾರಿಕೆಯ ಹೊಸ ಹಂಗಾಮಿಗೆ ಕಾಲಿಡುವುದು ಇಲ್ಲಿಯ ವಾಡಿಕೆ. ಮಲ್ಪೆ, ಗಂಗೊಳ್ಳಿಗಳ ಕಡೆಯಿಂದ ಬಂದ ಓದುಗರಿಗೆ ಈ ನೋಟ ಹೊಸದಲ್ಲ. ಅಲ್ಲಿಯೂ ಮಳೆಗಾಲದ ದೋಣಿಗಳು ತೆಂಗಿನ ಮಡಲನ್ನೋ ಪ್ಲಾಸ್ಟಿಕ್ಕನ್ನೋ ಹೊದ್ದು ಮಲಗಿರುತ್ತವೆ.

ದೋಣಿಗೆ ಒಪ್ಪವಾಗಿ ಹೊದಿಸುವ ಕ್ರಮವನ್ನು ಗಮನಿಸಿದರೆ ಅದರಲ್ಲಿ ಮೂರು ಸಂಗತಿಗಳು ಕಾಣುತ್ತವೆ. ಉದ್ದಕ್ಕೂ ನಡುವೆ ಒಂದು ಗಳುವನ್ನು ಎತ್ತರಿಸಿ ಕಟ್ಟಿ, ಹೊದಿಕೆಯು ಎರಡು ಕಡೆಗೂ ಮನೆಯ ಮಾಡಿನಂತೆ ಇಳಿಯುವ ಹಾಗೆ ಮಾಡುವರು. ಮುಂದಿನ ಹಾಗೂ ಹಿಂದಿನ ತುದಿಗಳನ್ನು ಪೂರ್ತಿ ಮುಚ್ಚದೆ ಗಾಳಿಯಾಡಲು ಬಿಡುವರು. ಇಲ್ಲವಾದರೆ ಒಳಗಿನ ಮರ ಬೆವೆತು ಕೊಳೆಯುತ್ತದೆ. ತಳದ ನೀರು ಹೋಗುವ ತೂತಿನ ಬೆಣೆಯನ್ನು ತೆಗೆದಿರಿಸಿ, ಅಷ್ಟಾಗಿಯೂ ಒಳಕ್ಕೆ ಬಿದ್ದ ನೀರಿಗೆ ಹೊರದಾರಿ ಕೊಡುವರು. ಇಳಿಜಾರು, ಗಾಳಿ, ನೀರಿಗೆ ದಾರಿ ಎಂಬ ಈ ಮೂರರಲ್ಲಿ ಒಂದು ತಪ್ಪಿದರೂ ದಡದ ದೋಣಿ ಒಂದು ಕೆರೆಯಾಗಿಬಿಡುತ್ತದೆ. ಕರಾವಳಿಯ ಊರುಗಳಲ್ಲಿ ಸೊಳ್ಳೆಯ ಮರಿಗಳನ್ನು ಹುಡುಕಿ ಹೊರಡುವ ಆರೋಗ್ಯ ಇಲಾಖೆಯವರು ನಿಂತ ದೋಣಿಗಳಲ್ಲಿ ಇಣುಕಿ ನೋಡುವುದು ಇದೇ ಕಾರಣಕ್ಕಾಗಿ.

ಮನೆಯ ಹೊದಿಕೆಗೂ ಇದೇ ನ್ಯಾಯ. ಆದರೆ ಇಲ್ಲೊಂದು ವ್ಯತ್ಯಾಸವನ್ನು ಮನಗಾಣಬೇಕು. ಕರಾವಳಿಯ ಹಳೆಯ ಮನೆಗಳಲ್ಲಿ ಮಾಡಿಗೆ ಮುಳಿಹುಲ್ಲು ಹೊದಿಸುವುದು, ಜಗಲಿಗೆ ಮಡಲಿನ ತಟ್ಟಿ ಕಟ್ಟುವುದು ವಾಡಿಕೆಯಿತ್ತು. ಹುಲ್ಲು ಮತ್ತು ಸೋಗೆ ನೀರನ್ನು ಜಾರಿಸುತ್ತವೆಯೇ ಹೊರತು ಹಿಡಿದಿಡಲಾರವು; ವರ್ಷ ಕಳೆದೊಡನೆ ಕೊಳೆತು ಗೊಬ್ಬರವಾಗುತ್ತಿದ್ದವು. ಪ್ಲಾಸ್ಟಿಕ್ ತಾಡಪತ್ರಿಯ ಸ್ವಭಾವ ಹಾಗಲ್ಲ. ಒಂದು ಹನಿಯನ್ನೂ ಕೆಳಗೆ ಬಿಡದಿರುವುದೇ ಅದರ ಗುಣ, ಅದೇ ಅದರ ದೋಷ. ಎಲ್ಲಿ ಒಂದು ಮಡಿಕೆ ಜೋತುಬಿದ್ದಿತೋ ಅಲ್ಲೊಂದು ಬೋಗುಣಿ ಸಿದ್ಧವಾಯಿತು.

ಆ ಬೋಗುಣಿಯ ಭಾರವನ್ನು ಲೆಕ್ಕ ಹಾಕಿದರೆ ಯಾರಿಗಾದರೂ ದಿಗಿಲಾದೀತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್, ಅಂದರೆ ಒಂದು ಕಿಲೋ ನೀರು. ಅಷ್ಟೇ ವಿಸ್ತಾರದ ಜೋಲಿನಲ್ಲಿ 10 ಸೆಂಟಿಮೀಟರ್ ನೀರು ನಿಂತರೆ 100 ಕಿಲೋ ಭಾರವಾಯಿತು. ಹಳೆಯ ಸಿಮೆಂಟ್ ಪತ್ರಾ ಅಥವಾ ಗೆದ್ದಲು ಹಿಡಿದ ರೀಪು ಇದನ್ನು ಎಷ್ಟು ದಿನ ಹೊತ್ತೀತು? ಒಂದೇ ದಿನದಲ್ಲಿ 200 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದು ಥಾಣೆ ಜಿಲ್ಲೆಗೆ ಅಪರೂಪದ ಸಂಗತಿಯೇನಲ್ಲ.

ಭಾರಕ್ಕಿಂತ ಹೆಚ್ಚಿನ ಅಪಾಯ ಆ ನೀರಿನೊಳಗಿರುತ್ತದೆ. ಡೆಂಗ್ಯೂ ಹಾಗೂ ಚಿಕೂನ್‌ಗುನ್ಯಾ ಜ್ವರಗಳನ್ನು ಹರಡುವ ಈಡಿಸ್ ಈಜಿಪ್ಟಿ ಎಂಬ ಸೊಳ್ಳೆಯು ಗಟಾರದ ಕೊಳಚೆಯನ್ನು ಬಯಸುವ ಪ್ರಾಣಿಯಲ್ಲ. ಅದಕ್ಕೆ ಬೇಕಾದುದು ಮನೆಯ ಹತ್ತಿರ ನಿಂತ, ಹೆಚ್ಚು ಕೊಳೆಯಿಲ್ಲದ ನೀರು. ಒಂದು ಕರಟದಷ್ಟಿದ್ದರೂ ಸಾಕು. ಕಾಲುಗಳ ಮೇಲೆ ಬಿಳಿಯ ಪಟ್ಟೆಗಳುಳ್ಳ ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ರಾತ್ರಿ ಸೊಳ್ಳೆಪರದೆಯೊಳಗೆ ನಿಶ್ಚಿಂತೆಯಿಂದ ಮಲಗುವ ಸಂಸಾರದಲ್ಲಿ, ಮಧ್ಯಾಹ್ನ ಶಾಲೆಯಿಂದ ಬಂದು ಬಾಲ್ಕನಿಯಲ್ಲಿ ಆಡುವ ಮಗುವಿಗೆ ಜ್ವರ ಬರುವುದು ಹೀಗೆ. ಮೊಟ್ಟೆಯೊಡೆದು ಮರಿಯಾಗಿ, ಕೋಶವಾಗಿ, ರೆಕ್ಕೆ ಬಂದು ಹಾರಿಹೋಗಲು ನಮ್ಮ ಮಳೆಗಾಲದ ಉಷ್ಣದಲ್ಲಿ ಏಳರಿಂದ ಹತ್ತು ದಿನ ಸಾಕಾಗುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿರಿ ಎಂದು ನಗರಪಾಲಿಕೆಗಳು ಸಾರುವುದರ ಹಿಂದಿರುವ ಲೆಕ್ಕ ಇದೇ.

ಚೆಲ್ಲಿದ ಮಾತ್ರಕ್ಕೆ ಮುಗಿಯಲಿಲ್ಲ. ಈ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆಯಾದ ಅಂಚಿಗೆ ಮೊಟ್ಟೆಗಳನ್ನು ಅಂಟಿಸಿಡುತ್ತದೆ. ನೀರು ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ. ಕಳೆದ ವರ್ಷದ ತಾಡಪತ್ರಿಯನ್ನು ತೊಳೆಯದೆ ಮಡಿಚಿಟ್ಟವರು ಈ ವರ್ಷ ಅದನ್ನು ಹರಡುವಾಗ ಕಳೆದ ವರ್ಷದ ಸೊಳ್ಳೆಯ ಬೀಜವನ್ನೂ ಬಿತ್ತುತ್ತಾರೆಂದು ಹೇಳಿದರೆ ಅತಿಶಯೋಕ್ತಿಯಾಗದು. ಆದುದರಿಂದ ಜೋಲುಬಿದ್ದ ಕಡೆಯನ್ನು ಬ್ರಷ್ಷಿನಿಂದ ಉಜ್ಜುವುದು ಅವಶ್ಯ.

ನಿಂತ ನೀರಿಗೂ ಸೊಳ್ಳೆಗೂ ಇರುವ ಈ ನಂಟನ್ನು ಕುರಿತ ಒಂದು ಹಳೆಯ ಪ್ರಸಂಗ ಕನ್ನಡ ನಾಡಿಗೇ ಸೇರಿದ್ದು. ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಸುಮಾರು 14 ವರ್ಷ ಮೊದಲು ಬೆಂಗಳೂರಿನ ದಂಡಿನಲ್ಲಿ ತರುಣ ವೈದ್ಯನಾಗಿದ್ದನು. ತನ್ನ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತವಾದಾಗ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಹೊರಳಾಡುವುದನ್ನು ಕಂಡು ಅದನ್ನು ಬೋರಲು ಹಾಕಿಸಿದನು. ಕಾಟ ಬಹುಮಟ್ಟಿಗೆ ಇಳಿಯಿತು. ಅಧಿಕಾರಿಗಳ ಭೋಜನಗೃಹದ ಪಾತ್ರೆಗಳನ್ನೂ ಹಾಗೆಯೇ ಬರಿದು ಮಾಡಿಸೋಣವೆಂದಾಗ ಮೇಲಿನವನೊಬ್ಬನು ಅದು ಸೃಷ್ಟಿಯ ಕ್ರಮವನ್ನೇ ಕೆಡಿಸಿದಂತಾದೀತೆಂದು ಒಪ್ಪಲಿಲ್ಲವಂತೆ. ಹೌಸಿಂಗ್ ಸೊಸೈಟಿಯ ಸಭೆಗಳಲ್ಲಿ ಕುಳಿತು ಅನುಭವವುಳ್ಳ ಓದುಗರಿಗೆ ಆ ಅಧಿಕಾರಿ ಅಪರಿಚಿತನೆನಿಸಲಾರನು.

ಹೊದಿಕೆ ಹಾರಿಹೋಗದಂತೆ ಅದರ ಮೇಲೆ ಹೇರುವ ಹಳೆಯ ಟೈರುಗಳ ಬಗ್ಗೆ ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು. ಚಾಳಿನ ಮಾಡುಗಳ ಮೇಲೆ ಇವನ್ನು ಎಲ್ಲೆಲ್ಲೂ ನೋಡಬಹುದು. ಟೈರಿನ ಒಳಸುತ್ತಿನಲ್ಲಿ ನಿಂತ ನೀರು ಯಾವ ಕಡೆಗೂ ಹರಿಯಲಾರದು, ಬಿಸಿಲಿಗೆ ಬೇಗ ಆರಲಾರದು, ಕಣ್ಣಿಗೂ ಬೀಳದು. ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲನ್ನು ಮನುಷ್ಯನು ಬುದ್ಧಿಪೂರ್ವಕ ಮಾಡಿದರೂ ಆಗುತ್ತಿರಲಿಲ್ಲ. ಭಾರ ಬೇಕೆಂದಾದರೆ ಬಾಯಿ ಬಿಗಿದ ಮರಳಿನ ಚೀಲಗಳನ್ನು ಇಡಬಹುದು. ಟೈರೇ ಗತಿಯೆನ್ನುವವರು ಅದನ್ನು ತುಂಡು ಮಾಡಿ ಬಳಸಬೇಕು.

ಇನ್ನು ಹೊದಿಸುವ ಕ್ರಮ. ಮೊದಲು ತಾಡಪತ್ರಿಯನ್ನು ಬಿಸಿಲಿಗೆದುರಾಗಿ ಇಬ್ಬರು ಹಿಡಿದು ಕೆಳಗಿನಿಂದ ನೋಡಿದರೆ ಸೂಜಿಮೊನೆಯಷ್ಟು ತೂತುಗಳೂ ಚುಕ್ಕೆಗಳಂತೆ ಹೊಳೆಯುತ್ತವೆ. ಅವಕ್ಕೆ ಎರಡು ಬದಿಯಿಂದಲೂ ತಾಡಪತ್ರಿಯ ಅಂಟುಪಟ್ಟಿ ಹಚ್ಚಬೇಕು. ಹೊಸತನ್ನು ಕೊಳ್ಳುವವರು ಐ.ಎಸ್. 7903 ಎಂಬ ಸಂಖ್ಯೆಯುಳ್ಳ ಐ.ಎಸ್.ಐ. ಮುದ್ರೆಯನ್ನು ನೋಡುವುದು ಲೇಸು. ನಡುವೆ ಗಳು ಕಟ್ಟಿ ಇಳಿಜಾರು ಕೊಡಬೇಕು. ಅಂಚಿನ ಕಣ್ಣುಗಳಿಗೆ ಹಗ್ಗವನ್ನು ನೇರವಾಗಿ ಬಿಗಿಯದೆ ಸೈಕಲ್ ಟ್ಯೂಬಿನ ರಬ್ಬರ್ ಪಟ್ಟಿಯನ್ನು ನಡುವೆ ಸೇರಿಸಿದರೆ ಗಾಳಿಯ ಹೊಡೆತಕ್ಕೆ ಅದು ಹಿಗ್ಗಿ ಕುಗ್ಗುತ್ತದೆ, ಕಣ್ಣು ಹರಿಯುವುದಿಲ್ಲ, ಹೊದಿಕೆ ಸಡಿಲಾಗಿ ಜೋಲುವುದೂ ಇಲ್ಲ. ವಾಶಿ, ಐರೋಳಿಯಂಥ ಖಾಡಿ ಸಮೀಪದ ಕಡೆಗಳಲ್ಲಿ ಉಪ್ಪುಗಾಳಿಯಿಂದ ಕಬ್ಬಿಣದ ತಂತಿ ಬಲುಬೇಗ ತುಕ್ಕು ಹಿಡಿಯುವುದರಿಂದ ಹಗ್ಗವೇ ವಾಸಿ.

ಮಾಡಿನ ಮೇಲೆ ಹತ್ತುವವರು ಯಾರು ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಮುಖ್ಯವಾದುದು. ಭಾನುವಾರ ಬೆಳಿಗ್ಗೆ ಕಚೇರಿಯ ಗುಮಾಸ್ತೆಯೇ ಪಂಚೆಯನ್ನೆತ್ತಿ ಕಟ್ಟಿ ಏಣಿ ಹತ್ತುವುದು ಮೆಚ್ಚತಕ್ಕ ಸ್ವಾವಲಂಬನೆಯಲ್ಲ. ಸಿಮೆಂಟ್ ಪತ್ರಾ ವಯಸ್ಸಾದಂತೆ ಗಾಜಿನಷ್ಟು ಪೆಡಸಾಗುತ್ತದೆ. ಕೆಳಗೆ ಆಧಾರದ ತೊಲೆಯಿಲ್ಲದ ಕಡೆ ಹೆಜ್ಜೆಯಿಟ್ಟರೆ ಮನುಷ್ಯನೇ ಒಳಗೆ ಬೀಳುತ್ತಾನೆ. ಅಡ್ಡಹಲಗೆ ಹಾಕಿ ಅದರ ಮೇಲೆಯೇ ನಡೆಯುವ, ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುವ ಅನುಭವಿ ಕೆಲಸಗಾರನಿಗೆ ಕೊಡುವ ಕೂಲಿಯು ಮುರಿದ ತೊಡೆಮೂಳೆಯ ಚಿಕಿತ್ಸೆಯ ಖರ್ಚಿನ ಮುಂದೆ ತೃಣಕ್ಕೆ ಸಮ. ಒದ್ದೆಯಾದ ಮೇಲೆ ಯಾರೂ ಹತ್ತಲಾಗದು, ವಿದ್ಯುತ್ ತಂತಿ ಹಾದುಹೋಗುವ ಕಡೆ ಲೋಹದ ಏಣಿ ಸಲ್ಲದು. ಹಳೆಯ ಪತ್ರಾಗಳಲ್ಲಿ ಕಲ್ನಾರು ಇರುವುದರಿಂದ ಅವನ್ನು ಒಣಗಿರುವಾಗ ಉಜ್ಜುವುದಾಗಲಿ ಕೊರೆಯುವುದಾಗಲಿ ಶ್ವಾಸಕೋಶಕ್ಕೆ ಕೆಡುಕು.

ಬಾಲ್ಕನಿಯನ್ನು ಮೇಲಿನಿಂದ ಕೆಳಗಿನವರೆಗೆ ಮುಚ್ಚಿಬಿಡುವವರು ದೋಣಿಯ ಎರಡನೆಯ ಪಾಠವನ್ನು ನೆನೆಯಬೇಕು. ಎರಡು ಕೋಣೆಯ ಮನೆಯಲ್ಲಿ ಅಡಿಗೆಯ ಹಬೆ, ಹಗ್ಗದ ಮೇಲಿನ ಹಸಿಬಟ್ಟೆ, ಐದಾರು ಮಂದಿಯ ಉಸಿರು ಎಲ್ಲವೂ ಒಳಗೇ ಉಳಿದರೆ ಗೋಡೆಗೆ ಬೂಷ್ಟು ಹತ್ತುತ್ತದೆ. ದಮ್ಮಿನ ಉಪದ್ರವವುಳ್ಳ ಹಿರಿಯರಿಗೆ, ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ. ಮೇಲಂಚಿನಲ್ಲಿ ಒಂದು ಗೇಣು ತೆರಪು ಬಿಟ್ಟು, ಹೊದಿಕೆಯನ್ನು ಹೊರಕ್ಕೆ ಚಾಚಿ ಕಟ್ಟಿದರೆ ಎರಚಲೂ ಬಾರದು, ಗಾಳಿಯೂ ನಿಲ್ಲದು.

ಗಚ್ಚಿಯ ಮೇಲಿನ ನೀರಿನ ಟಾಕಿಗಳ ಮುಚ್ಚಳ ಒಡೆದಿದ್ದರೆ ಅದಕ್ಕೆ ತಾಡಪತ್ರಿಯ ತುಂಡನ್ನು ಕಟ್ಟಿ ಸುಮ್ಮನಾಗುವುದು ಸರಿಯಲ್ಲ. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಗೆ ಇಂಥ ಟಾಕಿಗಳೇ ತವರು. ಬಿಗಿಯಾದ ಮುಚ್ಚಳ, ಹೆಚ್ಚಾದ ನೀರು ಹೊರಬೀಳುವ ಕೊಳವೆಯ ಬಾಯಿಗೆ ಸಣ್ಣ ಜಾಳಿಗೆ ಇವೆರಡೂ ಬೇಕು.

ಇಷ್ಟಾಗಿಯೂ ಮನೆಯಲ್ಲಿ ಜ್ವರ ಕಾಣಿಸಿಕೊಂಡರೆ ರಕ್ತಪರೀಕ್ಷೆಯನ್ನು ಮುಂದೂಡಬಾರದು. ತೀವ್ರ ಜ್ವರದೊಡನೆ ಕಣ್ಣಿನ ಹಿಂಭಾಗದಲ್ಲಿ ನೋವು, ಕೀಲುನೋವು ಇದ್ದರೆ ಡೆಂಗ್ಯೂವಿನ ಶಂಕೆಯಿಂದ ನೋಡಬೇಕು. ವೈದ್ಯರು ಹೇಳದ ಹೊರತು ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ನುಂಗಲಾಗದು. ಅವು ರಕ್ತಸ್ರಾವಕ್ಕೆ ಅನುವು ಮಾಡಿಕೊಡುತ್ತವೆ. ಜ್ವರ ಇಳಿಯಿತೆಂದು ಮನೆಮಂದಿ ನಿಟ್ಟುಸಿರು ಬಿಡುವ ಹೊತ್ತೇ ಈ ರೋಗದಲ್ಲಿ ಹೆಚ್ಚು ಎಚ್ಚರದಿಂದಿರಬೇಕಾದ ಹೊತ್ತು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಚಡಪಡಿಕೆ, ವಿಪರೀತ ನಿತ್ರಾಣ ತೋರಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಹಸ್ತ ಮಳೆ ಮುಗಿಯುವ ವೇಳೆಗೆ, ಅಂದರೆ ಅಕ್ಟೋಬರ್ ತಿಂಗಳ ಎರಡನೆಯ ವಾರದ ಸುಮಾರಿಗೆ, ಹೊದಿಕೆಗೂ ನಿವೃತ್ತಿ ಕೊಡಬೇಕು. ಬೇಸಿಗೆಯಲ್ಲಿಯೂ ಇರಲಿ, ನೆರಳಾದೀತೆಂದು ಬಿಡುವವರಿದ್ದಾರೆ. ಸೂರ್ಯನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಎಳೆಗಳನ್ನು ಪೆಡಸು ಮಾಡಿ ಪುಡಿಪುಡಿಯಾಗಿಸುವುದರಿಂದ ಅಂಥ ಹೊದಿಕೆ ಮುಂದಿನ ಮಿರುಗದ ಮೊದಲ ಗಾಳಿಗೇ ಚಿಂದಿಯಾಗುತ್ತದೆ. ಸಾಬೂನು ನೀರು ಹಾಗೂ ಮೆತ್ತನೆಯ ಬ್ರಷ್ಷಿನಿಂದ ಎರಡು ಮಗ್ಗುಲನ್ನೂ ತಿಕ್ಕಿ, ನೆರಳಿನಲ್ಲಿ ಪೂರ್ತಿ ಒಣಗಿಸಿ ಸುತ್ತಿಡಬೇಕು. ಮಡಿಚುವುದಾದರೆ ಪ್ರತಿವರ್ಷವೂ ಅದೇ ಗೆರೆಗೆ ಮಡಿಚಬಾರದು, ಸೀಳು ಬೀಳುವುದು ಅಲ್ಲಿಯೇ.

ಜಿನೆಯ ಕೆಳಗಿನ ಮೂಲೆಯಲ್ಲಿ ಅದನ್ನು ರಾಶಿಯಾಗಿ ಒಗೆಯುವ ರೂಢಿಯೊಂದಿದೆ. ಅದು ಇಲಿಗಳಿಗೆ ಮನೆ ಕಟ್ಟಿಕೊಟ್ಟ ಹಾಗೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆಯಾಗಿ, ಕಲ್ಯಾಣದ ಕಡೆ ಉಲ್ಹಾಸ ನದಿ ಉಕ್ಕಿ ಬಂದುದನ್ನು ಇಲ್ಲಿನವರು ಮರೆತಿಲ್ಲ. ಆ ನೆರೆಯ ಬೆನ್ನಿಗೇ ಮುಂಬಯಿ ಭಾಗದಲ್ಲಿ ಬಂದ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರವು ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಗಳಿಗೆ ತಾಗಿ ಹರಡುವಂಥದು. ಜ್ವರದೊಡನೆ ಮೀನಖಂಡದಲ್ಲಿ ಅಸಹನೀಯ ನೋವು, ಕೆಂಪಡರಿದ ಕಣ್ಣು, ಕಾಮಾಲೆಯ ಹಳದಿ ಇದರ ಕುರುಹುಗಳು. ಆದಕಾರಣ ಸುರುಳಿಯನ್ನು ನೆಲಕ್ಕೆ ತಾಗದಂತೆ ಅಟ್ಟದ ಮೇಲೆ ಅಥವಾ ಗೋಡೆಯ ಗೂಟಕ್ಕೆ ಕಟ್ಟಿಡಬೇಕು. ಮೇ ತಿಂಗಳಲ್ಲಿ ಇಳಿಸುವಾಗ ಕೈಗೆ ರಬ್ಬರ್ ಚೀಲ, ಕಾಲಿಗೆ ಚಪ್ಪಲಿ ಇರಬೇಕು.

ಬಾಳಿಕೆ ಮುಗಿದ ಹೊದಿಕೆಯನ್ನು ಚಳಿಗಾಲದ ಬೆಳಿಗ್ಗೆ ಸುಟ್ಟು ಬೆಂಕಿ ಕಾಯಿಸುವುದು ಬೇಡ. ಪ್ಲಾಸ್ಟಿಕ್ಕಿನ ಹೊಗೆ ವಿಷಮಯ. ಗಟಾರಕ್ಕೆ ಎಸೆದರಂತೂ ಮುಂದಿನ ಮಳೆಯ ನೀರು ಅದೇ ಓಣಿಯಲ್ಲಿ ಮೊಣಕಾಲುದ್ದ ನಿಲ್ಲುವುದು. ಭಂಗಾರದವನಿಗೆ ಕೊಟ್ಟರೆ ಕಿಲೋ ಲೆಕ್ಕದಲ್ಲಿ ನಾಲ್ಕು ಕಾಸಾದರೂ ಬಂದೀತು. ಇನ್ನೂ ಗಟ್ಟಿಯಿರುವುದರ ಮೂಲೆಯಲ್ಲಿ ಕೊಂಡ ವರ್ಷ, ಉದ್ದಗಲ ಮತ್ತು ಯಾವ ಕಿಟಕಿಗೋ ಯಾವ ಮಾಡಿಗೋ ಸೇರಿದ್ದೆಂಬುದನ್ನು ಅಳಿಯದ ಮಸಿಯಿಂದ ಬರೆದಿಟ್ಟರೆ, ಬರುವ ರೋಹಿಣಿಯಲ್ಲಿ ಅದನ್ನು ಹುಡುಕಿ, ಅಳೆದು, ಹೊಸತನ್ನು ಕೊಳ್ಳಬೇಕೋ ಬೇಡವೋ ಎಂದು ತರ್ಕಿಸುವ ಒಂದು ಭಾನುವಾರ ಉಳಿಯುತ್ತದೆ.