ಬಾಡಿಗೆ ವಠಾರ ಕೊಳ್ಳುವ ಮುನ್ನ ಲೆಕ್ಕ ಹಾಕಿ

ಒಳ್ಳೆಯ ಫಸಲು ಬಂದು ಕೈಯಲ್ಲಿ ಹಣ ಉಳಿದಾಗ, ಊರ ರಸ್ತೆ ಬದಿಯಲ್ಲಿ ನಾಲ್ಕು ಮನೆಗಳ ವಠಾರವೊಂದನ್ನು ಕೊಳ್ಳೋಣವೆಂದು ನಿಮಗೆ ಅನ್ನಿಸುವುದು ಸಹಜ. ಮಳೆಯನ್ನು ನಂಬದ ಆದಾಯ ಒಳ್ಳೆಯದೇ. ಆದರೆ ಹಸು ಕೊಳ್ಳುವಾಗ ಹಾಲಿನ ಜೊತೆಗೆ ಮೇವಿನ ಲೆಕ್ಕವನ್ನೂ ಹಾಕುವಿರಲ್ಲವೆ? ಇಲ್ಲಿಯೂ ಹಾಗೆಯೇ.

ಒಂದು ಉದಾಹರಣೆ ನೋಡಿ. ನಾಲ್ಕು ಮನೆಗಳು, ತಲಾ ತಿಂಗಳಿಗೆ ರೂ. 4,000 ಬಾಡಿಗೆ.

ವರ್ಷದ ಬಾಡಿಗೆ: ರೂ. 1,92,000
ಪ್ರತಿ ಮನೆ ಒಂದು ತಿಂಗಳು ಖಾಲಿ: ಕಳೆಯಿರಿ ರೂ. 16,000
ಕಂದಾಯ, ವಿಮೆ: ಕಳೆಯಿರಿ ರೂ. 10,000
ದುರಸ್ತಿ, ಸುಣ್ಣಬಣ್ಣ: ಕಳೆಯಿರಿ ರೂ. 24,000
ಪಂಪು, ದೀಪ, ಗುಂಡಿ ಸ್ವಚ್ಛತೆ: ಕಳೆಯಿರಿ ರೂ. 10,000
ನಿವ್ವಳ ಆದಾಯ: ರೂ. 1,32,000

ನೋಂದಣಿ ಖರ್ಚು ಸೇರಿ ಬೆಲೆ ರೂ. 26,00,000 ಆದರೆ ಆದಾಯ ಶೇ. 5ರಷ್ಟು ಮಾತ್ರ. ಇದಕ್ಕಾಗಿ ಶೇ. 9ರ ಬಡ್ಡಿಯಲ್ಲಿ ರೂ. 15,00,000 ಸಾಲ ತಂದರೆ ಮೊದಲ ವರ್ಷದ ಬಡ್ಡಿಯೇ ಸುಮಾರು ರೂ. 1,35,000. ಬಾಡಿಗೆಯೆಲ್ಲ ಬಡ್ಡಿಗೆ ಹೋಗಿ, ಅಸಲಿನ ಕಂತನ್ನು ನಿಮ್ಮ ಹೊಲವೇ ಕಟ್ಟಬೇಕಾಗುತ್ತದೆ. ನಿಮಗೆ ಶೇ. 8 ಆದಾಯ ಬೇಕಿದ್ದರೆ, 1,32,000ವನ್ನು 8ರಿಂದ ಭಾಗಿಸಿ 100ರಿಂದ ಗುಣಿಸಿರಿ. ರೂ. 16,50,000 ಬರುತ್ತದೆ. ಖರ್ಚೆಲ್ಲ ಸೇರಿ ನೀವು ಕೊಡಬಹುದಾದ ಬೆಲೆ ಇಷ್ಟೇ.

ಮುಂಗಡ ಕೊಡುವ ಮೊದಲು ಈ ಅಂಶಗಳನ್ನು ಗಮನಿಸಿ:

1. ಮಾರುವವರು ಹೇಳಿದ ಬಾಡಿಗೆಯನ್ನು ನಂಬದೆ ಬಾಡಿಗೆದಾರರನ್ನೇ ಕೇಳಿರಿ. ಅವರು ಕೊಟ್ಟಿರುವ ಮುಂಗಡವನ್ನು ಮುಂದೆ ಹಿಂದಿರುಗಿಸುವ ಹೊಣೆ ನಿಮ್ಮ ಮೇಲೆ ಬರಬಹುದು. ಆ ಮೊತ್ತವನ್ನು ಬೆಲೆಯಲ್ಲಿ ಮುರಿದುಕೊಳ್ಳಿರಿ.

2. ಎಲ್ಲ ಬಾಡಿಗೆದಾರರೂ ಒಂದೇ ಕಾರ್ಖಾನೆಯ ನೌಕರರೆ? ಅದು ಮುಚ್ಚಿದರೆ ವಠಾರವೂ ಖಾಲಿಯಾದೀತು.

3. ಮಳೆಗಾಲದಲ್ಲಿ ತಾರಸಿಯನ್ನೂ, ಬೇಸಿಗೆಯಲ್ಲಿ ಕೊಳವೆ ಬಾವಿಯನ್ನೂ ನೋಡಿರಿ. ಶೌಚದ ಗುಂಡಿ ಬಾವಿಗೆ ಹತ್ತಿರವಿರಬಾರದು.

4. ಋಣಭಾರ ಪತ್ರ, ಪಂಚಾಯತಿಯ ಇ-ಸ್ವತ್ತು ದಾಖಲೆ ಪರಿಶೀಲಿಸಿರಿ. ಜಾಗ ಮೊದಲು ಸಾಗುವಳಿ ಜಮೀನಾಗಿದ್ದರೆ ಭೂ ಪರಿವರ್ತನೆಯ ಆದೇಶವನ್ನೂ ಕೇಳಿರಿ.

5. ಇಂಥ ಬಾಡಿಗೆ ಕೃಷಿ ಆದಾಯವಲ್ಲ. ಕಟ್ಟಿದ ಕಂದಾಯ ಕಳೆದ ಮೇಲೆ ಶೇ. 30 ವಿನಾಯಿತಿ ಸಿಗುತ್ತದೆ. ಉಳಿದದ್ದು ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ.

ಲೆಕ್ಕ ಕೂಡದಿದ್ದರೆ ಅವಸರ ಬೇಡ. ಅದೇ ಹಣ ಹನಿ ನೀರಾವರಿಗೋ ಹಳೆಯ ಸಾಲ ತೀರಿಸುವುದಕ್ಕೋ ಹೆಚ್ಚು ಫಲ ಕೊಡಬಹುದು. ವಠಾರಕ್ಕಾಗಿ ನೀರಾವರಿ ಜಮೀನನ್ನು ಮಾತ್ರ ಮಾರಬೇಡಿ. ಮಾರಿದ ಹೊಲ ಮತ್ತೆ ಕೈಗೆ ಬರುವುದು ಕಷ್ಟ.